ಕಾಡುಮೆಣಸಿನ ಬಳ್ಳಿ ಯಾವ ಪ್ರಭೇದ? ಕಾಳುಮೆಣಸಿನ ಕುಟುಂಬದ ವರ್ಗೀಕರಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಶ್ಚಿಮ ಘಟ್ಟದ ಹಳ್ಳದ ಬದಿ, ದೇವರಕಾಡು, ತೋಟದ ಅಂಚು ಎಲ್ಲಿ ನೋಡಿದರೂ ಮೆಣಸಿನ ಬಳ್ಳಿಯಂತೆಯೇ ಕಾಣುವ ಬಳ್ಳಿಗಳು ಮರ ಹತ್ತಿರುತ್ತವೆ. ಅವುಗಳಲ್ಲಿ ಯಾವುದು ಕಾಳುಮೆಣಸು, ಯಾವುದು ಅದರ ದಾಯಾದಿ ಎಂದು ಬೇರ್ಪಡಿಸುವುದು ಅನುಭವಿಗಳಿಗೂ ಸುಲಭವಲ್ಲ. ಬೆಳೆಗಾರರು, ಸಸ್ಯಶಾಸ್ತ್ರದ ವಿದ್ಯಾರ್ಥಿಗಳು, ಕಾಡು ಸುತ್ತುವ ಆಸಕ್ತರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಕುಟುಂಬದೊಳಗೆ ಕುಲ, ಕುಲದೊಳಗೆ ಪ್ರಭೇದ, ಪ್ರಭೇದದೊಳಗೆ ತಳಿ ಎಂಬ ಅರ್ಥದಲ್ಲಿ ಈ ಪದಗಳನ್ನು ಬಳಸಿದ್ದೇವೆ.

ಕಾಳುಮೆಣಸಿನ ಕುಟುಂಬದಲ್ಲಿ ಯಾವ್ಯಾವ ಗಿಡಗಳಿವೆ?

ಕುಟುಂಬದ ಹೆಸರು ಪೈಪರೇಸಿ. ಇದರಲ್ಲಿ ಈಗ ಐದು ಕುಲಗಳಿವೆ. ಎರಡು ಬಹಳ ದೊಡ್ಡವು: ಪೈಪರ್ ಕುಲದಲ್ಲಿ 2,000ಕ್ಕೂ ಹೆಚ್ಚು ಪ್ರಭೇದಗಳು, ಪೆಪರೋಮಿಯ ಕುಲದಲ್ಲಿ 1,000ಕ್ಕೂ ಹೆಚ್ಚು. ಉಳಿದ ಮೂರು ಚಿಕ್ಕವು. ವೆರ್ಹುಯೆಲಿಯ ಕ್ಯೂಬಾ ಮತ್ತು ಹಿಸ್ಪಾನಿಯೋಲ ದ್ವೀಪಗಳದ್ದು, ಮನೇಕಿಯ ಅಮೆರಿಕದ ಉಷ್ಣವಲಯದ್ದು. ಜಿಪ್ಪೆಲಿಯದಲ್ಲಿರುವುದು ಒಂದೇ ಪ್ರಭೇದ. ಅದು ದಕ್ಷಿಣ ಚೀನಾದಿಂದ ಜಾವಾದವರೆಗೆ ಬೆಳೆಯುತ್ತದೆ. ನಮಗೆ ದಿನನಿತ್ಯ ಗೊತ್ತಿರುವ ಕಾಳುಮೆಣಸು, ವೀಳ್ಯದೆಲೆ, ಹಿಪ್ಪಲಿ, ಬಾಲಮೆಣಸು ಇವೆಲ್ಲ ಪೈಪರ್ ಕುಲದವು.

ಹಸಿಮೆಣಸಿನಕಾಯಿ, ಜುಮ್ಮನಕಾಯಿ ಇದೇ ಕುಟುಂಬದವೇ?

ಅಲ್ಲ. ಮೆಣಸಿನಕಾಯಿ ಬದನೆ, ಟೊಮೆಟೊಗಳ ಕುಟುಂಬದ್ದು. ಅಮೆರಿಕದಿಂದ ಬಂದ ಈ ಗಿಡಕ್ಕೆ ಇಲ್ಲಿ ಮೊದಲಿಂದ ಇದ್ದ ಮೆಣಸಿನ ಹೆಸರನ್ನೇ ಕೊಟ್ಟರು. ಜುಮ್ಮನಕಾಯಿ ನಿಂಬೆಯ ಕುಟುಂಬದ್ದು. ಖಾರ ಒಂದೇ ಎಂದ ಮಾತ್ರಕ್ಕೆ ನೆಂಟಸ್ತಿಕೆ ಇರಬೇಕಿಲ್ಲ.

ಮೆಣಸಿನ ಬಳ್ಳಿ ಏಕದಳವೋ ದ್ವಿದಳವೋ?

ಎರಡೂ ಅಲ್ಲ ಎನ್ನುವುದೇ ಈಗಿನ ಸರಿಯುತ್ತರ. ಮೊಳಕೆಯಲ್ಲಿ ಎರಡು ಬೀಜದಳಗಳಿವೆ. ಆದರೆ ಕಾಂಡವನ್ನು ಅಡ್ಡ ಕೊಯ್ದು ನೋಡಿದರೆ ನಾಳಗಳ ಕಟ್ಟುಗಳು ಏಕದಳ ಸಸ್ಯಗಳಲ್ಲಿರುವಂತೆ ಚದುರಿ ಕಾಣುತ್ತವೆ. ಹಳೆಯ ಪುಸ್ತಕಗಳಲ್ಲಿ ಇದನ್ನು ದ್ವಿದಳಗಳ ಜೊತೆಗೆ ಸೇರಿಸಿದ್ದರೂ ಆ ಜಾಗದಲ್ಲಿ ಇದು ಸರಿಯಾಗಿ ಕೂರುತ್ತಿರಲಿಲ್ಲ. ಡಿಎನ್‌ಎ ಆಧಾರದ ವರ್ಗೀಕರಣ ಬಂದ ಮೇಲೆ ಪೈಪರೇಸಿಯನ್ನು ಮ್ಯಾಗ್ನೋಲಿಡ್ ಎಂಬ ಪ್ರಾಚೀನ ಕವಲಿನಲ್ಲಿ ಇಟ್ಟಿದ್ದಾರೆ. ಸಂಪಿಗೆ, ಸೀತಾಫಲ, ದಾಲ್ಚಿನ್ನಿ, ಜಾಯಿಕಾಯಿ, ಬೆಣ್ಣೆಹಣ್ಣು ಅದೇ ಕವಲಿನವು. ಅವುಗಳಿಗಿಂತ ಹತ್ತಿರದ ನೆಂಟ ಈಶ್ವರಿ ಬಳ್ಳಿ. ಅದರ ಕುಟುಂಬ ಮತ್ತು ಮೆಣಸಿನ ಕುಟುಂಬ ಎರಡೂ ಪೈಪರೇಲೀಸ್ ಎಂಬ ಒಂದೇ ಗಣಕ್ಕೆ, ಅಂದರೆ ಕುಟುಂಬಗಳ ಗುಂಪಿಗೆ, ಸೇರಿವೆ.

ಪೈಪರ್ ಮತ್ತು ಪೆಪರೋಮಿಯವನ್ನು ಬೇರ್ಪಡಿಸುವುದು ಹೇಗೆ?

ಪೆಪರೋಮಿಯ ಸಾಮಾನ್ಯವಾಗಿ ಅಂಗೈಯಗಲದ ಪುಟ್ಟ ಗಿಡ. ಕಾಂಡ, ಎಲೆ ಎರಡೂ ನೀರು ತುಂಬಿ ದಪ್ಪಗಿರುತ್ತವೆ. ಹೂವಿನಲ್ಲಿ ಪರಾಗ ಕೊಡುವ ಕೇಸರ ಎರಡೇ, ಪರಾಗ ಹಿಡಿಯುವ ಶಲಾಕಾಗ್ರ ಒಂದೇ. ಪೈಪರ್ ಬಳ್ಳಿ, ಪೊದೆ ಅಥವಾ ಸಣ್ಣ ಮರವಾಗಿದ್ದು ಗೆಣ್ಣುಗಳು ಊದಿಕೊಂಡಿರುತ್ತವೆ, ಶಲಾಕಾಗ್ರಗಳು ಸಾಮಾನ್ಯವಾಗಿ 3 ಅಥವಾ 4. ವರ್ಣತಂತುಗಳ (ಕ್ರೋಮೋಸೋಮ್‌ಗಳ) ಮೂಲಸಂಖ್ಯೆಯೂ ಬೇರೆ: ಪೈಪರ್‌ನಲ್ಲಿ 13, ಪೆಪರೋಮಿಯದಲ್ಲಿ 11. ಕಾಳುಮೆಣಸಿನಲ್ಲಿ ಒಟ್ಟು ವರ್ಣತಂತುಗಳು 52, ಅಂದರೆ ಮೂಲಸಂಖ್ಯೆಯ ನಾಲ್ಕು ಪಟ್ಟು, ಅದು ಚತುರ್ಗುಣಿತ.

ಪೆಪರೋಮಿಯ ನೋಡಲು ದೂರ ಹೋಗಬೇಕಿಲ್ಲ. ಮಳೆಗಾಲದಲ್ಲಿ ಹೂಕುಂಡದಲ್ಲಿ, ಪಾಚಿ ಹಿಡಿದ ಗೋಡೆಯ ಬುಡದಲ್ಲಿ ತಾನಾಗಿ ಏಳುವ ಗಾಜಿನಂಥ ಕಾಂಡದ ಸಣ್ಣ ಗಿಡ ಪೆಪರೋಮಿಯ ಪೆಲ್ಯುಸಿಡ. ಎಲೆ ಹೃದಯಾಕಾರ, ಹಿಸುಕಿದರೆ ಸಾಸಿವೆಯಂಥ ವಾಸನೆ. ಅಮೆರಿಕದಿಂದ ಬಂದು ಇಲ್ಲಿ ನೆಲೆಯೂರಿದೆ. ಕೇರಳದಲ್ಲಿ ಮಷಿತ್ತಂಡು ಎಂದು ಕರೆದು ಮಕ್ಕಳು ಸ್ಲೇಟು ಒರೆಸಲು ಬಳಸುತ್ತಿದ್ದ ಗಿಡ ಇದೇ. ಮಲೆನಾಡಿನ ಮರಗಳ ತೊಗಟೆಯ ಮೇಲೆ, ಪಾಚಿಯ ನಡುವೆ, ಗೆಣ್ಣಿಗೆ ನಾಲ್ಕರಂತೆ ದಪ್ಪ ಪುಟ್ಟ ಎಲೆ ಸುತ್ತಿಕೊಂಡ ಗಿಡ ಕಂಡರೆ ಅದು ಪೆಪರೋಮಿಯ ಟೆಟ್ರಾಫಿಲ್ಲ.

ಎಲೆಯ ಫೋಟೊ ಕಳಿಸಿದರೆ ಪ್ರಭೇದ ಹೇಳಬಹುದೇ?

ಬಹುತೇಕ ಸಲ ಆಗುವುದಿಲ್ಲ. ಮೆಣಸಿನ ಕುಲದಲ್ಲಿ ತಪ್ಪು ಗುರುತಿಸುವಿಕೆ ಶುರುವಾಗುವುದೇ ಎಲೆಯಿಂದ.

ಒಂದೇ ಬಳ್ಳಿಯಲ್ಲಿ ಮೂರು ಬಗೆಯ ಕುಡಿಗಳಿರುತ್ತವೆ. ಬುಡದಿಂದ ಹೊರಟು ನೆಲದ ಮೇಲೆ ಓಡುವ ಹಬ್ಬು ಬಳ್ಳಿ, ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಮರ ಹಿಡಿದು ನೇರ ಏರುವ ಕುಡಿ, ಅದರಿಂದ ಅಡ್ಡಕ್ಕೆ ಚಾಚಿ ಕಾಯಿ ಕಚ್ಚುವ ಕೊಂಬೆ. ಮೂರರ ಎಲೆಗಳೂ ಒಂದೇ ಥರ ಇರುವುದಿಲ್ಲ. ಏರುವ ಕುಡಿಯ ಎಲೆ ಅಗಲವಾಗಿ ಹೃದಯದಂತಿದ್ದರೆ, ಅದೇ ಬಳ್ಳಿಯ ಕಾಯಿಕೊಂಬೆಯ ಎಲೆ ಉದ್ದಕ್ಕೆ ಎಳೆದಂತೆ, ಬುಡದಲ್ಲಿ ಎರಡು ಕಡೆ ಸಮವಿಲ್ಲದೆ ಇರಬಹುದು. ನೆಲದಲ್ಲಿ ಹರಿದ ಹಬ್ಬಿನ ಎಲೆಯಂತೂ ಎಷ್ಟೋ ಪ್ರಭೇದಗಳಲ್ಲಿ ಒಂದೇ ರೂಪ. ನೆರಳು, ಬಿಸಿಲು, ಬಳ್ಳಿಯ ವಯಸ್ಸು ಸೇರಿದರೆ ಅಳತೆ ಇನ್ನಷ್ಟು ಏರುಪೇರಾಗುತ್ತದೆ. ಹಳೆಯ ಕಾಲದಲ್ಲಿ ಒಂದೇ ಪ್ರಭೇದದ ಬೇರೆ ಬೇರೆ ಎಲೆಗಳಿಗೆ ಬೇರೆ ಬೇರೆ ಹೆಸರು ಕೊಟ್ಟದ್ದೂ ಇದೆ.

ಹಾಗೆಂದು ಎಲೆಯನ್ನು ಬಿಡಬೇಕಿಲ್ಲ. ಕಾಯಿಕೊಂಬೆಯ ಪೂರ್ಣ ಬಲಿತ ಎಲೆಯನ್ನೇ ತೆಗೆದುಕೊಂಡು ನರಗಳನ್ನು ಎಣಿಸಿ, ಅವು ಎಲ್ಲಿಂದ ಹೊರಡುತ್ತವೆ ಎಂದು ನೋಡಿ. ಕಾಳುಮೆಣಸಿನಲ್ಲಿ 5ರಿಂದ 7, ಅಪರೂಪಕ್ಕೆ 9 ಮುಖ್ಯ ನರಗಳು. ಎಲ್ಲಕ್ಕಿಂತ ಒಳಗಿನ ಜೋಡಿ ಎಲೆಯ ಬುಡದಿಂದ ಹೊರಡದೆ, ನಡುನರದ ಮೇಲೆ 1.5ರಿಂದ 3.5 ಸೆಂ.ಮೀ. ಎತ್ತರದಲ್ಲಿ ಹೊರಡುತ್ತದೆ. ವೀಳ್ಯದೆಲೆಯಲ್ಲಿ ಸಾಮಾನ್ಯವಾಗಿ 7 ನರ. ಒಳಜೋಡಿ ಬುಡಕ್ಕೆ ಹತ್ತಿರ, 0.7ರಿಂದ 2 ಸೆಂ.ಮೀ. ಒಳಗೆ. ಎಲೆಯ ಅಡಿಭಾಗದ ನರಗಳ ಮೇಲೆ ಕೂದಲು ಇದೆಯೇ ಎಂದು ಲೆನ್ಸ್ ಹಿಡಿದು ನೋಡಿ. ಬೆರಳಿಗೆ ನುಣುಪಾಗಿ ತಾಗಿದ್ದು ಲೆನ್ಸಿಗೆ ಕೂದಲಾಗಿ ಕಾಣುವುದುಂಟು.

ಹಾಗಾದರೆ ನೋಡಬೇಕಾದದ್ದು ಏನು?

ಹೂತೆನೆ. ತೋಟದ ಮಾತಿನಲ್ಲಿ ಗೆರೆ. ಪೈಪರ್ ಕುಲದ ಪ್ರಭೇದಗಳನ್ನು ಬೇರ್ಪಡಿಸುವ ಮುಖ್ಯ ಲಕ್ಷಣಗಳೆಲ್ಲ ಗೆರೆಯಲ್ಲೇ ಇವೆ.

ಗೆರೆ ಎಲೆಯ ಕಂಕುಳಿನಿಂದ ಹೊರಡುವುದಿಲ್ಲ, ಅದೇ ಗೆಣ್ಣಿನಲ್ಲಿ ಎಲೆಗೆ ಎದುರಾಗಿ ಹೊರಡುತ್ತದೆ. ಅದರ ಮೇಲಿನ ಹೂಗಳಿಗೆ ಎಸಳೂ ಇಲ್ಲ, ಪುಷ್ಪಪಾತ್ರೆಯೂ ಇಲ್ಲ. ಪ್ರತಿ ಹೂವಿನ ಬುಡದಲ್ಲಿ ಒಂದು ಪುಟ್ಟ ಪೊರೆಯಂಥ ಎಲೆ ಇರುತ್ತದೆ, ಸಸ್ಯಶಾಸ್ತ್ರಜ್ಞರು ಬ್ರ್ಯಾಕ್ಟ್ ಎನ್ನುವುದು ಇದನ್ನೇ. ಸಾಸಿವೆ ಕಾಳಿಗಿಂತ ದೊಡ್ಡದಲ್ಲದ ಈ ಭಾಗದ ಆಕಾರವೇ ಎಷ್ಟೋ ಸಲ ಪ್ರಭೇದವನ್ನು ತೀರ್ಮಾನಿಸುತ್ತದೆ.

ನೋಡುವ ಕ್ರಮ ಹೀಗೆ. ಕೀಳುವ ಮೊದಲೇ ಗೆರೆ ಜೋತುಬಿದ್ದಿದೆಯೋ ನೆಟ್ಟಗೆ ನಿಂತಿದೆಯೋ ಬರೆದುಕೊಳ್ಳಿ, ಒತ್ತಿ ಒಣಗಿಸಿದ ಮೇಲೆ ಅದು ಗೊತ್ತಾಗುವುದಿಲ್ಲ. ಅದರ ಉದ್ದ, ತೊಟ್ಟಿನ ಉದ್ದ ಅಳೆಯಿರಿ. ಬಳಿಕ ಗೆರೆಯ ನಡುಭಾಗದಿಂದ 1 ಸೆಂ.ಮೀ. ತುಂಡನ್ನು ಹೊಸ ಬ್ಲೇಡಿನಿಂದ ಕತ್ತರಿಸಿ. ಬುಡದ ಮತ್ತು ತುದಿಯ ಹೂಗಳು ಬಲಿತ ಹದ ಬೇರೆ ಬೇರೆ ಇರುವುದರಿಂದ ನಡುಭಾಗವೇ ಬೇಕು. ಕಪ್ಪು ಕಾಗದದ ಮೇಲಿಟ್ಟು 10 ಪಟ್ಟು ಹಿಗ್ಗಿಸುವ ಲೆನ್ಸಿನಿಂದ ನೋಡಿ, 20 ಪಟ್ಟಿನದು ಸಿಕ್ಕರೆ ಇನ್ನೂ ಒಳ್ಳೆಯದು. ಸೂಜಿಯ ತುದಿಯಿಂದ ಒಂದು ಬ್ರ್ಯಾಕ್ಟನ್ನು ಮೆಲ್ಲಗೆ ಎತ್ತಿ. ಅದು ನಡುವೆ ಪುಟ್ಟ ಕಾಲಿನ ಮೇಲೆ ಕೊಡೆಯಂತೆ ನಿಂತಿದ್ದರೆ ವೀಳ್ಯದೆಲೆ, ಹಿಪ್ಪಲಿಗಳ ಮಾದರಿ. ಗೆರೆಯ ದಂಡಿಗೇ ಅಂಟಿಕೊಂಡು ಅಂಚು ಮಾತ್ರ ಬಿಡಿಯಾಗಿ, ಹೂವಿನ ಕೆಳಗೆ ಆಳವಿಲ್ಲದ ಬಟ್ಟಲಿನಂತಾಗಿದ್ದರೆ ಕಾಳುಮೆಣಸಿನ ಮಾದರಿ. ದಪ್ಪಗೆ, ತಿರುಳಿನಿಂದ ಕೂಡಿ ಪುಟ್ಟ ದೋಣಿಯ ಹಾಗಿದ್ದು ಹೂವನ್ನು ಒಳಗಿಟ್ಟುಕೊಂಡಿದ್ದರೆ ಪೈಪರ್ ಗೇಲಿಯೇಟಮ್ ಅಥವಾ ಅದರ ಜೊತೆಯದು.

ಕೊನೆಗೆ ಲಿಂಗ. ಕಾಳುಮೆಣಸಿನ ದ್ವಿಲಿಂಗಿ ಹೂವಿನಲ್ಲಿ ಅಂಡಾಶಯದ ಎರಡು ಪಕ್ಕಕ್ಕೆ ಒಂದೊಂದು ಕೇಸರ, ನೆತ್ತಿಯಲ್ಲಿ ನಕ್ಷತ್ರದಂತೆ ಹರಡಿದ 3ರಿಂದ 5 ಶಲಾಕಾಗ್ರಗಳು. ಇಲ್ಲಿ ಎಡವುವವರು ಬಹಳ. ಶಲಾಕಾಗ್ರಗಳು ಮೊದಲು ಬಿಚ್ಚಿಕೊಂಡು ಕೇಸರಗಳು ತಡವಾಗಿ ಹೊರಬರುವುದರಿಂದ ಎಳೆಯ ಗೆರೆ ನೋಡಿದವರು ಅದನ್ನು ಹೆಣ್ಣೆಂದು ಬರೆದುಬಿಡುತ್ತಾರೆ. ಒಂದೇ ಬಳ್ಳಿಯ ಬೇರೆ ಬೇರೆ ಹದದ ನಾಲ್ಕೈದು ಗೆರೆಗಳನ್ನಾದರೂ ನೋಡಿ.

ಪಶ್ಚಿಮ ಘಟ್ಟದ ಪ್ರಭೇದಗಳನ್ನು ಬೇರ್ಪಡಿಸಲು ಸುಲಭದ ದಾರಿ ಇದೆಯೇ?

ಮೊದಲ ಕವಲು ಸುಲಭ. ಭಾರತದ ಪೈಪರ್‌ಗಳ ಮೇಲೆ ದೀರ್ಘಕಾಲ ಕೆಲಸ ಮಾಡಿದ ಪಿ. ಎನ್. ರವೀಂದ್ರನ್ ಇವನ್ನು ನೆಟ್ಟಗಿನ ಗೆರೆಯ ‘ಪಿಪ್ಪಲಿ’, ಜೋತುಬೀಳುವ ಗೆರೆಯ ‘ಮರಿಚ’ ಎಂದು ಎರಡು ಗುಂಪು ಮಾಡಿದರು. ಕಾಡಿನಲ್ಲಿ ನಿಂತು ಬರಿಗಣ್ಣಿನಿಂದಲೇ ಮಾಡಬಹುದಾದ ವಿಂಗಡಣೆ ಇದು.

ನೆಟ್ಟಗಿನ ಗುಂಪಿನಲ್ಲಿ ಹಿಪ್ಪಲಿ, ಅಂದರೆ ಪೈಪರ್ ಲಾಂಗಮ್, ಎಲ್ಲರಿಗೂ ಪರಿಚಿತ. ಮರ ಏರುವುದಕ್ಕಿಂತ ನೆಲದಲ್ಲಿ ಹರಿಯುವುದೇ ಹೆಚ್ಚು. ಕೆಳಗಿನ ಎಲೆಗಳಿಗೆ ಉದ್ದ ತೊಟ್ಟು, ತುದಿಯ ಎಲೆಗಳಿಗೆ ತೊಟ್ಟೇ ಇಲ್ಲದೆ ಬುಡ ಕಾಂಡವನ್ನು ಅಪ್ಪಿಕೊಂಡಿರುತ್ತದೆ. ಈ ಒಂದು ಲಕ್ಷಣ ಸಿಕ್ಕರೆ ಹಿಪ್ಪಲಿಯ ಬಗ್ಗೆ ಅನುಮಾನ ಉಳಿಯುವುದಿಲ್ಲ. ಹೆಣ್ಣು ಗೆರೆ 1.5ರಿಂದ 2.5 ಸೆಂ.ಮೀ., ಗಂಡು ಗೆರೆ ಅದಕ್ಕಿಂತ ಉದ್ದ ಮತ್ತು ತೆಳು. ಕಾಯಿಗಳು ದಂಡಿನಲ್ಲಿ ಹುದುಗಿರುವುದರಿಂದ ಕಾಳುಮೆಣಸಿನಂತೆ ಬಿಡಿಸಲು ಬರುವುದಿಲ್ಲ. ಇದೇ ಗುಂಪಿನ ಪೈಪರ್ ಮುಲ್ಲೆಸುವ ಮಾತ್ರ ಮರ ಹತ್ತುವ ಬಳ್ಳಿ. ಅದರ ಹೆಣ್ಣು ಗೆರೆ ಗುಂಡಗೆ ಪುಟ್ಟ ಉಂಡೆಯಂತಿರುತ್ತದೆ, ಬೇರೆ ಯಾವುದರ ಜೊತೆಗೂ ಗೊಂದಲವಾಗದು.

ಜೋತುಬೀಳುವ ಗುಂಪೇ ಕಷ್ಟ. ಕಾಡಿನ ಕಾಳುಮೆಣಸು, ಅಂದರೆ ಪೈಪರ್ ನೈಗ್ರಮ್, ಎಲೆ ಗೆರೆ ಎರಡರಲ್ಲೂ ಸಾಮಾನ್ಯವಾಗಿ ನುಣುಪು. ಪೈಪರ್ ಗೇಲಿಯೇಟಮ್ ಮತ್ತು ಪೈಪರ್ ಟ್ರೈಕೊಸ್ಟೇಕಿಯಾನ್ ಎರಡಕ್ಕೂ ದೋಣಿಯಂಥ ಬ್ರ್ಯಾಕ್ಟ್. ಗೆರೆಯಲ್ಲಿ ಕೂದಲಿದ್ದರೆ ಟ್ರೈಕೊಸ್ಟೇಕಿಯಾನ್, ಇಲ್ಲದಿದ್ದರೆ ಗೇಲಿಯೇಟಮ್. ಹೆಸರೇ ಇದನ್ನು ಹೇಳುತ್ತದೆ: ಗ್ರೀಕಿನಲ್ಲಿ ‘ಟ್ರೈಕೊ’ ಕೂದಲು, ‘ಸ್ಟೇಕಿಸ್’ ತೆನೆ, ಲ್ಯಾಟಿನ್ನಿನಲ್ಲಿ ‘ಗೇಲಿಯ’ ಶಿರಸ್ತ್ರಾಣ. ತೆಳ್ಳಗೆ ದಾರದಂಥ ಗೆರೆ ಜೋತುಬಿದ್ದಿದ್ದರೆ ಪೈಪರ್ ಹೈಮೆನೊಫಿಲ್ಲಮ್, ಆರ್ಗೈರೊಫಿಲ್ಲಮ್, ಅಟೆನ್ಯುಯೇಟಮ್ ಈ ಮೂರರಲ್ಲಿ ಹುಡುಕಿ. ಈ ಮೂರನ್ನು ಬೇರ್ಪಡಿಸುವಾಗ ಹೆಣ್ಣು ಗೆರೆಯೂ ಕಾಯಿಕೊಂಬೆಯ ಎಲೆಯೂ ಎರಡೂ ಕೈಯಲ್ಲಿರಬೇಕು, ಒಂದರಿಂದ ತೀರ್ಮಾನ ಬೇಡ. ನೀಲಗಿರಿಯಂಥ ಎತ್ತರದ ಶೋಲಾ ಕಾಡಿನಲ್ಲಿ ಸಿಕ್ಕ ಬಳ್ಳಿಯಾದರೆ ಪೈಪರ್ ಸ್ಮಿಟಿಯೈ, ಪೈಪರ್ ವೈಟಿಯೈ ಹೆಸರುಗಳನ್ನೂ ಪಟ್ಟಿಗೆ ಸೇರಿಸಿಕೊಳ್ಳಿ.

ನಮ್ಮ ಕಾಡಿನ ಬಳ್ಳಿ ವರ್ಷವೂ ಗೆರೆ ಬಿಡುತ್ತದೆ, ಕಾಯಿ ಮಾತ್ರ ಒಂದೂ ಇಲ್ಲ. ರೋಗವೇ?

ಹೆಚ್ಚಿನಂಶ ಅದು ಗಂಡು ಬಳ್ಳಿ. ಕಾಡಿನ ಪೈಪರ್‌ಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ತೋಟದ ತಳಿಗಳಲ್ಲಿ ಒಂದೇ ಗೆರೆಯಲ್ಲಿ ದ್ವಿಲಿಂಗಿ ಹೂಗಳಿರುವುದು ಮನುಷ್ಯ ನೂರಾರು ವರ್ಷ ಚೆನ್ನಾಗಿ ಕಚ್ಚುವ ಬಳ್ಳಿಯ ತುಂಡನ್ನೇ ಆರಿಸಿ ನೆಟ್ಟುಕೊಂಡು ಬಂದದ್ದರ ಫಲ. ಗಂಡು ಗೆರೆ ಪರಾಗ ಉದುರಿಸಿದ ಮೇಲೆ ಒಣಗಿ ಇಡಿಯಾಗಿ ಬೀಳುತ್ತದೆ. ಕಡಿದು ಹಾಕಬೇಡಿ. ಆ ಪ್ರಭೇದದ ವರ್ಣನೆ ಪೂರ್ತಿಯಾಗಲು ಗಂಡು ಮಾದರಿಯೂ ಬೇಕು, ಸುತ್ತಲಿನ ಹೆಣ್ಣು ಬಳ್ಳಿಗಳಲ್ಲಿ ಕಾಳು ಕಟ್ಟಲು ಅದರ ಪರಾಗವೂ ಬೇಕು.

ಪಣಿಯೂರು, ಕರಿಮುಂಡ, ಮಲ್ಲಿಗೆಸರ, ಉದ್ದಗೆರೆ ಬೇರೆ ಬೇರೆ ಪ್ರಭೇದಗಳೇ?

ಎಲ್ಲವೂ ಪೈಪರ್ ನೈಗ್ರಮ್ ಎಂಬ ಒಂದೇ ಪ್ರಭೇದದ ತಳಿಗಳು. ಎಲೆಯ ಅಗಲ, ಗೆರೆಯ ಉದ್ದ, ಕಾಳಿನ ಗಾತ್ರದಲ್ಲಿ ಎಷ್ಟೇ ವ್ಯತ್ಯಾಸವಿದ್ದರೂ ಬ್ರ್ಯಾಕ್ಟ್ ಮತ್ತು ಹೂವಿನ ರಚನೆ ಒಂದೇ. ಉತ್ತರ ಕನ್ನಡ, ಶಿವಮೊಗ್ಗದ ಕಡೆಯ ಹೆಸರುಗಳು ಗೆರೆಯ ರೂಪವನ್ನೇ ಹಿಡಿದು ಬಂದಿವೆ ಎನ್ನುವುದು ಗಮನಿಸಬೇಕಾದ ಸಂಗತಿ. ಉದ್ದಗೆರೆ ಎಂದು ಕರೆದ ರೈತರ ಕಣ್ಣೂ ಗೆರೆಯ ಮೇಲೇ ಇತ್ತು. ಪಣಿಯೂರು-1 ಎರಡು ಕೇರಳ ತಳಿಗಳ ಸಂಕರ, ಆದರೂ ಪ್ರಭೇದ ಅದೇ. ಕರಿಮೆಣಸು, ಬಿಳಿಮೆಣಸು, ಹಸಿಮೆಣಸು ಕೂಡ ಒಂದೇ ಬಳ್ಳಿಯ ಕಾಳು, ಕೊಯ್ಯುವ ಹದ ಮತ್ತು ಸಂಸ್ಕರಣೆ ಮಾತ್ರ ಬೇರೆ.

ಕಸಿ ಕಟ್ಟಲು ನರ್ಸರಿಯಲ್ಲಿ ಕೊಡುವ ‘ಹಿಪ್ಪಲಿ’ ಔಷಧದ ಹಿಪ್ಪಲಿಯೇ?

ಅಲ್ಲ. ಬಳಕೆಯ ಹೆಸರಿನಿಂದ ಆಗಿರುವ ಗೊಂದಲಗಳಲ್ಲಿ ಇದು ದೊಡ್ಡದು. ಸೊರಗು ರೋಗ ತಡೆಯಲೆಂದು ಬೇರುಗಿಡವಾಗಿ ಬಳಸುವುದು ದಕ್ಷಿಣ ಅಮೆರಿಕದ ಪೈಪರ್ ಕೊಲುಬ್ರೈನಮ್. ಕೇರಳದಲ್ಲಿ ಬ್ರೆಜಿಲಿಯನ್ ತಿಪ್ಪಲಿ ಎನ್ನುತ್ತಾರೆ. ಅದು ಬಳ್ಳಿಯಲ್ಲ, ನೆಟ್ಟಗೆ ನಿಲ್ಲುವ ಪೊದೆ. ಮೂಲ ನೆಲೆ ಜೌಗು. ಸೊರಗು ತರುವ ಫೈಟಾಫ್ತೊರ ಎಂಬ ಶಿಲೀಂಧ್ರದಂಥ ರೋಗಾಣುವಿಗೂ ಬೇರಿನ ಜಂತುಹುಳಕ್ಕೂ ಬಗ್ಗುವುದಿಲ್ಲವೆಂದೇ ಅದನ್ನು ಆರಿಸಿದ್ದು.

ಈ ವ್ಯತ್ಯಾಸ ತೋಟದಲ್ಲಿ ದುಡ್ಡಿನ ಮಾತಾಗುತ್ತದೆ. ಜೌಗಿನ ಗಿಡವಾದ್ದರಿಂದ ಬೇಸಿಗೆಯಲ್ಲಿ ತೇವ ಆರುವ ಇಳಿಜಾರಿನಲ್ಲಿ ನೆಟ್ಟರೆ ಬೇರುಗಿಡ ಒಣಗಿ ಮೇಲಿನ ಮೆಣಸೂ ಹೋಗುತ್ತದೆ. ಹಾಗಾಗಿ ಬೇಸಿಗೆಗೂ ನೀರು ಕೊಡಲು ಆಗುವ ಕಡೆ ಮಾತ್ರ ನೆಡಬೇಕು. ವರ್ಗೀಕರಣದ ದೃಷ್ಟಿಯಿಂದ ಅದು ಅಮೆರಿಕದ ಕವಲು, ಕಾಳುಮೆಣಸು ಏಷ್ಯಾದ ಕವಲು. ರೋಗ ತಾಳುವ ಗುಣವನ್ನು ಸಂಕರದ ಮೂಲಕ ಕಾಳುಮೆಣಸಿಗೆ ತರುವುದು ಅಷ್ಟು ಕಷ್ಟವಾಗಿರುವುದಕ್ಕೆ ಈ ದೂರವೂ ಒಂದು ಕಾರಣ. ಔಷಧದ ಹಿಪ್ಪಲಿ ಬೇಕಿದ್ದವರು ತೊಟ್ಟಿಲ್ಲದ ತುದಿ ಎಲೆಯನ್ನು ನೋಡಿಯೇ ಸಸಿ ತೆಗೆದುಕೊಳ್ಳಿ.

ಒಂದೇ ಗಿಡಕ್ಕೆ ಇಷ್ಟೊಂದು ಹೆಸರುಗಳೇಕೆ? ಹೆಸರು ಬದಲಾಗುತ್ತಲೇ ಇರುತ್ತದಲ್ಲ?

ಕಾಳುಮೆಣಸು ಯುರೋಪಿನ ಸಸ್ಯಶಾಸ್ತ್ರಕ್ಕೆ ವಿವರವಾಗಿ ಸಿಕ್ಕಿದ್ದು ಮಲಬಾರಿನಿಂದ. 1678ರಿಂದ 1693ರ ನಡುವೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಲ್ಲಿ ಅಚ್ಚಾದ ಹೋರ್ಟಸ್ ಮಲಬಾರಿಕಸ್‌ನಲ್ಲಿ ಅದು ‘ಮೊಲಗೊ ಕೊಡಿ’ ಎಂಬ ಮಲಯಾಳದ ಹೆಸರಿನಲ್ಲೇ ಇದೆ. 1753ರಲ್ಲಿ ಲಿನೇಯಸ್ ಪೈಪರ್ ಕುಲದಲ್ಲಿ 17 ಪ್ರಭೇದಗಳನ್ನಿಟ್ಟ. ಈಗಿನ ಪೆಪರೋಮಿಯಗಳೂ ಆಗ ಅದರೊಳಗೇ ಇದ್ದವು. 1794ರಲ್ಲಿ ಪೆರು ಸುತ್ತಿದ ರೂಯಿಸ್ ಮತ್ತು ಪಾವೋನ್ ಪೆಪರೋಮಿಯವನ್ನು ಬೇರೆ ಮಾಡಿದರು. 1840ರ ದಶಕದಲ್ಲಿ ಮಿಕೆಲ್ ಪೈಪರನ್ನು ಒಡೆದು ಚವಿಕ, ಮುಲ್ಡೆರ, ಕ್ಯೂಬೆಬ ಎಂದು ಹಲವು ಕುಲಗಳನ್ನು ಮಾಡಿದ. ಹಿಪ್ಪಲಿ ಆಗ ಚವಿಕ ರಾಕ್ಸ್‌ಬರ್ಗಿಯೈ ಆಯಿತು. 1869ರಲ್ಲಿ ಕಾಸಿಮಿರ್ ಡಿ ಕ್ಯಾಂಡೋಲ್ ಅವುಗಳಲ್ಲಿ ಹೆಚ್ಚಿನವನ್ನು ಮತ್ತೆ ಪೈಪರ್‌ಗೆ ಸೇರಿಸಿದ. ಇಪ್ಪತ್ತನೆಯ ಶತಮಾನದಲ್ಲಿ ಟ್ರಿಲೀಸ್ ಅಮೆರಿಕದ ಪೈಪರ್‌ಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಕ್ಕೂ ಹೊಸ ಹೆಸರು ಕೊಟ್ಟದ್ದರಿಂದ ಅಲ್ಲಿ ಇಂದಿಗೂ ಸಮಾನಾರ್ಥಕ ಹೆಸರುಗಳ ರಾಶಿಯೇ ಇದೆ.

ಹೆಸರಿನ ಕೊನೆಯಲ್ಲಿರುವ ಕರ್ತೃವಿನ ಗುರುತು ಈ ಇತಿಹಾಸವನ್ನೇ ಹೇಳುತ್ತದೆ. ‘ಪೆಪರೋಮಿಯ ಪೆಲ್ಯುಸಿಡ (ಎಲ್.) ಕುಂಟ್’ ಎಂದರೆ ಮೊದಲು ಹೆಸರಿಟ್ಟವನು ಲಿನೇಯಸ್, ಆಮೇಲೆ ಪೆಪರೋಮಿಯಕ್ಕೆ ವರ್ಗಾಯಿಸಿದವನು ಕುಂಟ್. ‘ಪೈಪರ್ ಗೇಲಿಯೇಟಮ್ (ಮಿಕ್.) ಸಿ.ಡಿಸಿ.’ ಎಂದರೆ ಮಿಕೆಲ್ ಅದನ್ನು ಬೇರೆ ಕುಲದಲ್ಲಿಟ್ಟಿದ್ದ, ಡಿ ಕ್ಯಾಂಡೋಲ್ ಪೈಪರ್‌ಗೆ ತಂದ. ಹಳೆಯ ಪುಸ್ತಕದಲ್ಲಿ ಪೈಪರ್ ಬ್ರ್ಯಾಕಿಸ್ಟೇಕಿಯಮ್ ಎಂದು ಕಂಡರೆ ಅದನ್ನು ಈಗ ಪೈಪರ್ ಮುಲ್ಲೆಸುವ ಎಂದೇ ಪರಿಗಣಿಸುತ್ತಾರೆ. ಮುಲ್ಲೆಸುವ ಎಂದು ಹೆಸರಿಟ್ಟ ಬುಕಾನನ್ ಹ್ಯಾಮಿಲ್ಟನ್ 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದವನೇ.

ಡಿಎನ್‌ಎ ಬಂದ ಮೇಲೆ ಏನು ಬದಲಾಯಿತು?

ಕುಲಗಳ ಮಟ್ಟದಲ್ಲಿ ಬಹಳ ಬದಲಾಯಿತು. ನ್ಯೂಜಿಲೆಂಡಿನ ಕಾವಕಾವ ಸೇರಿದ್ದ ಮ್ಯಾಕ್ರೊಪೈಪರ್, ಛತ್ರಿಯಂತೆ ಗೆರೆ ಗುಂಪುಗೂಡುವ ಪೋತೊಮಾರ್ಫೆ ಈಗ ಪ್ರತ್ಯೇಕ ಕುಲಗಳಲ್ಲ, ಪೈಪರ್‌ನ ಒಳಗೇ ಇವೆ. ಪೈಪರ್ ಕುಲದಲ್ಲಿ ಅಮೆರಿಕ, ಏಷ್ಯಾ, ದಕ್ಷಿಣ ಪೆಸಿಫಿಕ್ ಎಂಬ ಮೂರು ದೊಡ್ಡ ಕವಲುಗಳು ಕಂಡವು. ಪಶ್ಚಿಮ ಆಫ್ರಿಕದ ಪೈಪರ್ ಗಿನೆನ್ಸೆ ಏಷ್ಯಾದ ಕವಲಿನಲ್ಲಿ ಕೂತಿತು. ಪೆಪರೋಮಿಯವನ್ನು 2015ರಲ್ಲಿ 14 ಉಪಕುಲಗಳಾಗಿ ವಿಂಗಡಿಸಿದರು. ಅಲ್ಲಿ ಡಿಎನ್‌ಎ ಜೊತೆಗೆ ಕಾಯಿಯ ಆಕಾರ, ಮೇಲ್ಮೈಗೂ ತೂಕ ಸಿಕ್ಕಿದೆ. 2019ರಲ್ಲಿ ಕಾಳುಮೆಣಸಿನ ಇಡೀ ಜೀನೋಮ್ ಪ್ರಕಟವಾಯಿತು.

ಪ್ರಭೇದದ ಮಟ್ಟದಲ್ಲಿ ಮಾತ್ರ ಡಿಎನ್‌ಎ ಒಂದನ್ನೇ ನಂಬಬೇಡಿ. ಹತ್ತಿರದ ದಾಯಾದಿಗಳಲ್ಲಿ ಸಾಮಾನ್ಯವಾಗಿ ಬಳಸುವ ಡಿಎನ್‌ಎ ಗುರುತುಗಳು ಸ್ಪಷ್ಟವಾಗಿ ಬೇರೆಯಾಗದೆ ಇರಬಹುದು. ಹೋಲಿಸುವ ದತ್ತಕೋಶದಲ್ಲಿರುವ ಮಾದರಿಗೇ ತಪ್ಪು ಹೆಸರು ಇದ್ದರೆ ನಿಮ್ಮದಕ್ಕೂ ಅದೇ ತಪ್ಪು ಬರುತ್ತದೆ. ಪ್ರಯೋಗಾಲಯದಲ್ಲಿ ಇನ್ನೊಂದು ತೊಡಕು: ಮೆಣಸಿನ ಎಲೆಯಲ್ಲಿ ಪಾಲಿಫಿನಾಲ್ ಮತ್ತು ಲೋಳೆ ಹೆಚ್ಚು, ಡಿಎನ್‌ಎ ಕಂದು ಬಣ್ಣಕ್ಕೆ ತಿರುಗಿ ಅದರ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ವಿಧಾನ ಕೈಕೊಡುತ್ತದೆ. ಬಲಿತ ಎಲೆ ಬಿಟ್ಟು ಎಳೆ ಎಲೆ ತೆಗೆದುಕೊಳ್ಳಿ, ಎಲೆಯಿಂದ ಡಿಎನ್‌ಎ ಬೇರ್ಪಡಿಸುವ ಸಿಟಿಎಬಿ ದ್ರಾವಣಕ್ಕೆ ಪಾಲಿಫಿನಾಲ್ ಹಿಡಿದಿಡುವ ಪಿವಿಪಿಯನ್ನು 2% ಸೇರಿಸಿ.

ಗುರುತಿಸಲು ಮಾದರಿ ತೆಗೆಯುವುದು ಹೇಗೆ?

ಒಂದೇ ಸಲ ಹೋದರೆ ಸಾಲದು. ಕಾಳುಮೆಣಸಿನ ಗೆರೆ ಮುಂಗಾರು ಹಿಡಿದ ಮೇಲೆ ಜೂನ್, ಜುಲೈನಲ್ಲಿ ಹೊರಡುತ್ತದೆ, ಕಾಯಿ ಬಲಿಯುವುದು ಡಿಸೆಂಬರ್‌ನಿಂದ ಈಚೆಗೆ. ಬಳ್ಳಿಗೆ ಗುರುತು ಕಟ್ಟಿಟ್ಟು ಎರಡು ಹದದಲ್ಲೂ ತೆಗೆಯಿರಿ. ಪ್ರತಿ ಮಾದರಿಯಲ್ಲಿ ಕನಿಷ್ಠ ಮೂರು ಗೆಣ್ಣಿರುವ ಕಾಯಿಕೊಂಬೆ, ಗೆರೆ, ಬೇರು ಬಿಟ್ಟ ಏರುಕುಡಿಯ ಒಂದು ತುಂಡು, ಸಿಕ್ಕರೆ ಹಬ್ಬಿನ ಎಲೆ ಇರಲಿ.

ಡಿಎನ್‌ಎಗೆ ಬೇಕಾದ ಎಲೆಯನ್ನು ಎಲ್ಲಕ್ಕಿಂತ ಮೊದಲು ತೆಗೆದಿಡಿ: ಚೂರು ಮಾಡಿದ 1 ಗ್ರಾಂ ಎಳೆ ಎಲೆಗೆ 10 ಗ್ರಾಂ ಸಿಲಿಕಾ ಜೆಲ್. ಒಂದು ದಿನದೊಳಗೆ ಎಲೆ ಮುರಿದರೆ ಚಟ್ಟನೆ ಒಡೆಯುವಷ್ಟು ಒಣಗಬೇಕು, ಇಲ್ಲದಿದ್ದರೆ ಜೆಲ್ ಬದಲಾಯಿಸಿ. ಎರಡು ಮೂರು ಗೆರೆಗಳನ್ನು 70% ಸ್ಪಿರಿಟ್‌ನಲ್ಲಿ ಹಾಕಿಡಿ. ಬ್ರ್ಯಾಕ್ಟ್ ನೋಡಲು ಒಣಗಿಸಿದ್ದಕ್ಕಿಂತ ಇದು ಎಷ್ಟೋ ವಾಸಿ. ಉಳಿದದ್ದನ್ನು ಪತ್ರಿಕೆಯ ಹಾಳೆಯ ನಡುವೆ ಹರಡಿ, ಒಂದೆರಡು ಎಲೆಗಳ ಅಡಿಭಾಗ ಮೇಲೆ ಬರುವಂತೆ ಮಗುಚಿ ಒತ್ತಿ.

ಮಲೆನಾಡಿನ ಮಳೆಯಲ್ಲಿ ಅದೇ ದಿನ ಒಣಗಿಸಲು ಆಗದಿದ್ದರೆ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಸ್ಪಿರಿಟ್ ಸುರಿದು ಬಿಗಿಯಾಗಿ ಕಟ್ಟಿ, ಬೂಸ್ಟು ಬರುವುದಿಲ್ಲ. ಬಣ್ಣ ಹೋಗುತ್ತದೆ, ಆದ್ದರಿಂದ ಹಸಿ ಇರುವಾಗಲೇ ಬಣ್ಣ ಬರೆದುಕೊಂಡಿರಬೇಕು. ಪೈಪರ್ ಕೊಂಬೆಗಳು ಒಣಗಿದಾಗ ಗೆಣ್ಣಿನಲ್ಲಿ ಕಳಚಿಕೊಳ್ಳುತ್ತವೆ. ಬಿದ್ದ ತುಂಡುಗಳನ್ನು ಕಾಗದದ ಪೊಟ್ಟಣದಲ್ಲಿ ಅದೇ ಹಾಳೆಗೆ ಅಂಟಿಸಿ. ಪೆಪರೋಮಿಯದ ತೊಂದರೆ ಬೇರೆ. ಒತ್ತಿಟ್ಟರೂ ವಾರಗಟ್ಟಲೆ ಜೀವ ಹಿಡಿದು ಎಲೆ ಉದುರಿಸುತ್ತದೆ, ಒತ್ತುವ ಮೊದಲು ಕುದಿಯುವ ನೀರಿನಲ್ಲಿ ಕೆಲವು ಕ್ಷಣ ಅದ್ದಿ ತೆಗೆಯಿರಿ.

ಚೀಟಿಯಲ್ಲಿ ಸ್ಥಳ, ಎತ್ತರ, ದಿನಾಂಕದ ಜೊತೆಗೆ ಇವಿಷ್ಟು ತಪ್ಪದೆ ಬರಲಿ: ಬಳ್ಳಿಯೋ ಪೊದೆಯೋ, ಗೆರೆ ನಿಂತಿತ್ತೋ ಜೋತಿತ್ತೋ, ಗಂಡೋ ಹೆಣ್ಣೋ ದ್ವಿಲಿಂಗಿಯೋ, ಹಣ್ಣಿನ ಬಣ್ಣ, ಹಿಸುಕಿದ ಎಲೆಯ ವಾಸನೆ. ಹಾಳೆ ನೋಡುವವರಿಗೆ ಇವು ಬೇರೆ ಯಾವ ದಾರಿಯಲ್ಲೂ ಸಿಗುವುದಿಲ್ಲ.

ಎಲ್ಲಿ ಹೋಲಿಸಿ ನೋಡಬಹುದು? ಅನುಮತಿ ಬೇಕೇ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಜೆಸಿಬಿ ಹರ್ಬೇರಿಯಂನ (ಒಣಗಿಸಿದ ಸಸ್ಯ ಮಾದರಿಗಳ ಸಂಗ್ರಹ) ಕರ್ನಾಟಕದ ಸಸ್ಯಗಳ ಮಾಹಿತಿ ಅಂತರ್ಜಾಲದಲ್ಲೂ ಇದೆ. ದಕ್ಷಿಣ ಭಾರತದ ಹಳೆಯ ಹಾಳೆಗಳು ಬೇಕಿದ್ದರೆ ಕೊಯಮತ್ತೂರಿನಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣೆಯ ಹರ್ಬೇರಿಯಂ. ಜೀವಂತ ಬಳ್ಳಿಗಳ ಸಂಗ್ರಹ ಕೋಯಿಕ್ಕೋಡಿನ ಭಾರತೀಯ ಸಂಬಾರ ಬೆಳೆ ಸಂಶೋಧನಾ ಸಂಸ್ಥೆಯಲ್ಲಿದೆ. ಅದರ ಪ್ರಾದೇಶಿಕ ಕೇಂದ್ರ ಕೊಡಗಿನ ಅಪ್ಪಂಗಳದಲ್ಲಿದೆ. ಮೀಸಲು ಅರಣ್ಯ, ಅಭಯಾರಣ್ಯಗಳಿಂದ ಮಾದರಿ ತೆಗೆಯಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕೇ ಬೇಕು.

ವೀಳ್ಯದೆಲೆಯ ಹೂವನ್ನು ಯಾರೂ ಕಂಡಂತಿಲ್ಲವಲ್ಲ?

ಎಲೆ ಕೊಯ್ಯುತ್ತಲೇ ಇರುವುದರಿಂದ, ಬಳ್ಳಿ ಇಳಿಸುತ್ತಲೇ ಇರುವುದರಿಂದ ತೋಟದಲ್ಲಿ ಹೂ ಕಾಣುವುದು ಅಪರೂಪ. ತುಂಡು ನೆಟ್ಟೇ ಬೆಳೆಸುವುದರಿಂದ ಒಂದು ತೋಟದ ಬಳ್ಳಿಗಳೆಲ್ಲ ಒಂದೇ ಲಿಂಗದವೂ ಆಗಿರಬಹುದು. ಮರಕ್ಕೆ ಹಬ್ಬಿ ಬಿಟ್ಟ ಹಳೆಯ ಬಳ್ಳಿಯಲ್ಲಿ ಹುಡುಕಿ. ಹೆಣ್ಣು ಗೆರೆಯ ಕಾಯಿಗಳು ಬಿಡಿಬಿಡಿಯಾಗಿರದೆ ಒಂದಕ್ಕೊಂದು ಬೆಸೆದು ತಿರುಳಿನ ಕೋಲಿನಂತಾಗುತ್ತವೆ. ಕಾಳುಮೆಣಸಿನಿಂದ ಬೇರ್ಪಡಿಸಲು ಇದೊಂದೇ ಸಾಕು.

ಎಷ್ಟು ನೋಡಿದರೂ ಪ್ರಭೇದ ಗೊತ್ತಾಗದಿದ್ದರೆ?

ಅಂದಾಜಿನ ಹೆಸರು ಬರೆಯಬೇಡಿ. ಕುಲ ಖಚಿತವಿದ್ದರೆ ‘ಪೈಪರ್, ಪ್ರಭೇದ ತಿಳಿದಿಲ್ಲ’ ಎಂದು ಬರೆದು ಯಾವ ಭಾಗ ಸಿಕ್ಕಿಲ್ಲ ಎಂದು ಕೆಳಗೆ ನಮೂದಿಸಿ: ‘ಹೆಣ್ಣು ಗೆರೆ ಸಿಕ್ಕಿಲ್ಲ’, ‘ಹಬ್ಬಿನ ಎಲೆ ಮಾತ್ರ’. ಒಂದು ಪ್ರಭೇದವನ್ನು ಹೋಲುತ್ತದೆ ಎನಿಸಿದರೆ ಎರಡು ಹೆಸರಿನ ನಡುವೆ ‘ಸಿಎಫ್.’ ಎಂದು ಹಾಕುವ ರೂಢಿ ಇದೆ, ‘ಪೈಪರ್ ಸಿಎಫ್. ಗೇಲಿಯೇಟಮ್’ ಎಂದು. ಮುಂದಿನ ಮುಂಗಾರಿನಲ್ಲಿ ಅದೇ ಬಳ್ಳಿಯ ಬುಡಕ್ಕೆ ಹೋಗಿ ಗೆರೆ ನೋಡಿದವರು ಚೀಟಿ ತಿದ್ದುತ್ತಾರೆ. ಹಳೆಯ ಚೀಟಿಯನ್ನು ಕೀಳದೆ ಹೊಸದನ್ನು ಅದರ ಪಕ್ಕದಲ್ಲಿ ಅಂಟಿಸಬೇಕು.